ಬರೆದದ್ದನ್ನು ನಮಗೂ ಓದಿಸಿ

ಬೇಗೂರಿಗೆ ಬರುವ ವಿದೇಶಿ ಸಂಶೋಧಕ ಮಿತ್ರರೇ,

ಪ್ರತಿ ವರ್ಷ ನಿಮ್ಮಲ್ಲಿ ಕೆಲವರು ಫೆಲೋಶಿಪ್ ಪಡೆದು ಬೆಂಗಳೂರಿಗೆ ಬರುತ್ತೀರಿ. ನಿಮಗೆ ಆಶ್ರಯ ಕೊಡುವ ಸಂಸ್ಥೆ ಯಶವಂತಪುರದ ಕಡೆಯೋ ಜಕ್ಕೂರಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಇರುತ್ತದೆ. ಕೆಲಸ ಮಾತ್ರ ನಮ್ಮಂಥ ಊರುಗಳಲ್ಲಿ. ಕೆರೆ, ಒತ್ತುವರಿ, ಬಾಡಿಗೆ ಮನೆ, ಗಾರ್ಮೆಂಟ್ಸ್ ಕೆಲಸ, ಟ್ಯಾಂಕರ್ ನೀರು, ವೀರಗಲ್ಲು, ಒಂದೊಂದು ವರ್ಷ ಒಂದೊಂದು ವಿಷಯ. ನಾನು ಇಲ್ಲಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಇಂಗ್ಲಿಷ್ ಬರುತ್ತದೆಂಬ ಕಾರಣಕ್ಕೆ ನಿಮ್ಮಂಥವರ ಜೊತೆ ಬೀದಿ ಬೀದಿ ಸುತ್ತಿ, ಮಾತು ದಾಟಿಸಿದ್ದೇನೆ. ಆ ಅನುಭವದ ಮೇಲೆ ಈ ಪತ್ರ.

ಫೆಲೋಶಿಪ್ ಕೊಟ್ಟವರು ನಿಮ್ಮಿಂದ ಏನು ಬಯಸುತ್ತಾರೆ ಎಂಬುದು ನಿಮ್ಮ ಆಯ್ಕೆ ಪತ್ರದಲ್ಲೇ ಇರುತ್ತದೆ. ಮಧ್ಯಂತರ ವರದಿ, ಅಂತಿಮ ವರದಿ, ಖರ್ಚಿನ ಲೆಕ್ಕ. ಆಶ್ರಯ ಕೊಟ್ಟ ಸಂಸ್ಥೆಗೆ ಒಂದೆರಡು ಸೆಮಿನಾರ್ ಬೇಕು. ಸರ್ಕಾರಕ್ಕೆ ಸಂಶೋಧನಾ ವೀಸಾ ಬೇಕು, ಅದು ನೂರೆಂಬತ್ತು ದಿನ ಮೀರಿದ್ದಾದರೆ ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಾಗಬೇಕು. ಇಷ್ಟಕ್ಕೂ ನೀವು ಚಾಚೂ ತಪ್ಪದೆ ನಡೆದುಕೊಳ್ಳುತ್ತೀರಿ, ಅದನ್ನು ನೋಡಿದ್ದೇನೆ. ಆದರೆ ನಿಮಗೆ ಮಾತು ಕೊಟ್ಟ ಬೇಗೂರಿನವರಿಗೆ ನೀವು ಏನು ಕೊಡಬೇಕು ಎಂಬುದು ಅದರಲ್ಲಿ ಎಲ್ಲೂ ಇರುವುದಿಲ್ಲ. ನಾನು ಬರೆಯಹೊರಟಿರುವುದು ಅದರ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ, ನೀವು ಬರಬೇಡಿ ಎನ್ನುವವರ ಪೈಕಿ ನಾನಲ್ಲ. ಹೊರಗಿನಿಂದ ಬಂದವರ ಕಣ್ಣಿಗೆ ಊರಿನವರಿಗೆ ಕಾಣದ್ದು ಕಾಣುತ್ತದೆ, ಊರಿನವರು ಕೇಳಲು ಹಿಂಜರಿಯುವ ಪ್ರಶ್ನೆಯನ್ನು ನೀವು ಸಲೀಸಾಗಿ ಕೇಳುತ್ತೀರಿ. ನಮ್ಮೂರಿನ ಚರಿತ್ರೆಯೇ ಅದಕ್ಕೆ ಸಾಕ್ಷಿ. ಇಲ್ಲಿನ ಪಂಚಲಿಂಗ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಒಂದು ಶಾಸನವಿದೆ. ಸುಮಾರು ಕ್ರಿ.ಶ. 890ರದ್ದು, ಗಂಗರ ಕಾಲದ್ದು. ಗಂಗರ ಅಧಿಕಾರಿಯಾಗಿದ್ದ ನಾಗತ್ತರನ ಕಡೆಯವರು ಬೆಂಗಳೂರಿನ ಕಾಳಗದಲ್ಲಿ ಮಡಿದ ಸಂಗತಿ ಅದರಲ್ಲಿದೆ. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಆರು ಶತಮಾನಗಳಿಗೂ ಹಿಂದೆಯೇ ಬೆಂಗಳೂರು ಎಂಬ ಹೆಸರು ಬಳಕೆಯಲ್ಲಿತ್ತು ಎಂದು ಇವತ್ತು ಎಲ್ಲರೂ ಹೇಳುವುದು ಈ ಕಲ್ಲಿನ ಆಧಾರದ ಮೇಲೆ. ಬೇಗೂರಿನ ಇನ್ನೊಂದು ದೊಡ್ಡ ವೀರಗಲ್ಲು, ನಾಗತ್ತರ ಕಾದಿ ಸತ್ತದ್ದನ್ನು ತೋರಿಸುವ ಕಲ್ಲು, ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಕತ್ತಿ ಹಿರಿದ ಯೋಧರು, ಬಿದ್ದ ಹೆಣಗಳು ಎಲ್ಲವನ್ನೂ ಒಂದೇ ಹಲಗೆಯಲ್ಲಿ ತುಂಬಿದ ಕಲ್ಲು ಅದು. ನಮ್ಮ ಮಕ್ಕಳು ಅದನ್ನು ನೋಡಬೇಕಾದರೆ ಬಸ್ಸು ಬದಲಾಯಿಸಿ ಪೇಟೆಗೆ ಹೋಗಬೇಕು.

ಇಂಥ ಶಾಸನಗಳನ್ನು ಊರೂರು ತಿರುಗಿ ಓದಿಸಿ ಪುಸ್ತಕ ಮಾಡಿದವರು ಬಿ.ಎಲ್. ರೈಸ್. ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಬೆಂಗಳೂರು ಜಿಲ್ಲೆಯ ಸಂಪುಟ, ಒಂಬತ್ತನೆಯದು, ಹೊರಬಂದದ್ದು 1905ರಲ್ಲಿ. ರೈಸ್ ಹುಟ್ಟಿದ್ದೇ ಬೆಂಗಳೂರಿನಲ್ಲಿ, ಹಾಗಾಗಿ ಅವರನ್ನು ನಿಮ್ಮ ಸಾಲಿಗೆ ಪೂರ್ತಿಯಾಗಿ ಸೇರಿಸಲಾಗದು. ಆದರೆ ಅವರ ಸಂಪುಟಗಳಲ್ಲಿ ನಾನು ಮೆಚ್ಚುವ ಒಂದು ಗುಣವಿದೆ. ಇಂಗ್ಲಿಷ್ ಅನುವಾದದ ಜೊತೆಗೆ ಮೂಲ ಪಾಠ ಕನ್ನಡ ಲಿಪಿಯಲ್ಲೇ ಇದೆ. ಇಂಗ್ಲಿಷಿನ ಒಂದಕ್ಷರ ಬಾರದ ಹಳ್ಳಿಯ ಶಾನುಭೋಗನೂ ತನ್ನೂರಿನ ಕಲ್ಲಿನಲ್ಲಿ ಏನು ಬರೆದಿದೆ ಎಂದು ಆ ಪುಸ್ತಕ ತೆರೆದು ಓದಬಹುದಿತ್ತು. ಅವರ ಕೈಕೆಳಗೆ ಕೆಲಸ ಮಾಡಿದ ಆರ್. ನರಸಿಂಹಾಚಾರ್ಯರು ಮುಂದೆ ಅದೇ ಪುರಾತತ್ವ ಇಲಾಖೆಯ ಮುಖ್ಯಸ್ಥರಾದರು. ಬ್ರಿಟಿಷರ ಕಾಲದಲ್ಲೇ ಸಾಧ್ಯವಾಗಿದ್ದ ಇಷ್ಟು ಈಗ ಯಾಕೆ ಸಾಧ್ಯವಾಗುತ್ತಿಲ್ಲ? ಬೆಂಗಳೂರಿನ ಹೊರವಲಯದ ಬಗ್ಗೆ ಕಳೆದ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ರಾಶಿ ರಾಶಿ ಪ್ರಬಂಧಗಳು ಬಂದಿವೆ. ಅವುಗಳಲ್ಲಿ ಬೇಗೂರಿನ ಒಬ್ಬ ರೈತ, ಒಬ್ಬ ಟೈಲರ್ ಹೆಣ್ಣುಮಗಳು ಕೂತು ಓದಬಹುದಾದಂಥದ್ದು ನನ್ನ ಕೈಗೆ ಸಿಕ್ಕಿಲ್ಲ. ಹೆಚ್ಚಿನವು ಇಂಗ್ಲಿಷಿನಲ್ಲಿವೆ, ಎಷ್ಟೋ ಪ್ರಬಂಧಗಳನ್ನು ತೆರೆಯಬೇಕಾದರೆ ಡಾಲರಿನಲ್ಲಿ ದುಡ್ಡು ಕಟ್ಟಬೇಕು.

ಒಂದು ಭಾನುವಾರ ನಡೆದದ್ದನ್ನು ಹೇಳುತ್ತೇನೆ, ಅದರಿಂದ ನಿಮಗೆ ನನ್ನ ಮಾತು ಸ್ಪಷ್ಟವಾದೀತು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರಿಗೆ ವಾರಕ್ಕೆ ಸಿಗುವ ಒಂದೇ ರಜೆ ಅದು. ಬಟ್ಟೆ ಒಗೆಯುವುದು, ರೇಷನ್ ತರುವುದು, ಮಕ್ಕಳ ತಲೆಗೆ ಎಣ್ಣೆ ಹಚ್ಚಿ ನೀರು ಹಾಕುವುದು ಎಲ್ಲ ಅವತ್ತೇ. ವಠಾರದ ನಲ್ಲಿಯ ಮುಂದೆ ಬಟ್ಟೆ ಕುಕ್ಕುತ್ತಿದ್ದ ಒಬ್ಬಾಕೆಯನ್ನು ಮಾತಾಡಿಸಲು ನಿಮ್ಮಂಥ ಒಬ್ಬ ಯುವತಿ ಬಂದಿದ್ದರು. ಒಳ್ಳೆಯ ಹುಡುಗಿ, ವಿನಯವಂತೆ, ಚಪ್ಪಲಿ ಹೊಸ್ತಿಲಾಚೆ ಬಿಟ್ಟು ಒಳಗೆ ಬಂದರು. ಬ್ಯಾಗಿನಿಂದ ಮೂರು ಪುಟದ ಒಪ್ಪಿಗೆ ಪತ್ರ ತೆಗೆದರು. ಪೂರ್ತಿ ಇಂಗ್ಲಿಷ್. ಕೊನೆಯಲ್ಲಿ ಸಹಿಗೆ ಗೆರೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನು ಕೇಳಿದಳು: "ಟೀಚರಮ್ಮ, ಸೈನ್ ಹಾಕಿದ್ರೆ ಫ್ಯಾಕ್ಟ್ರಿಯೋರಿಗೆ ಗೊತ್ತಾಗಲ್ಲ ತಾನೇ?"

ಆ ಮೂರು ಪುಟದಲ್ಲಿ ವಿಶ್ವವಿದ್ಯಾಲಯದ ಹೊಣೆ ಎಷ್ಟು, ಮಾಹಿತಿಯನ್ನು ಎಷ್ಟು ವರ್ಷ ಇಡುತ್ತಾರೆ, ದೂರು ಕೊಡಬೇಕಾದರೆ ಯಾವ ದೇಶದ ಯಾವ ಕಚೇರಿಗೆ ಬರೆಯಬೇಕು ಎಲ್ಲ ಇತ್ತು. ಆಕೆ ಕೇಳಿದ್ದಕ್ಕೆ ಉತ್ತರ ಇರಲಿಲ್ಲ. ಆ ಪತ್ರ ಬರೆದವರ ಕಣ್ಣ ಮುಂದೆ ತಮ್ಮ ನೈತಿಕ ಸಮಿತಿ ಇತ್ತೇ ಹೊರತು ಲೈನ್ ಸೂಪರ್‌ವೈಸರ್ ಇರಲಿಲ್ಲ. ಆದರೆ ಆಕೆಯ ಬದುಕಿನಲ್ಲಿ ದಿನವೂ ಇರುವವನು ಸೂಪರ್‌ವೈಸರ್. ಗಂಟೆಗಿಷ್ಟು ಪೀಸ್ ಎಂದು ಟಾರ್ಗೆಟ್ ಬರೆದ ಬೋರ್ಡಿನ ಕೆಳಗೆ ನಿಂತು ಕೂಗಾಡುವವನು, ಹೊರಗಿನವರ ಜೊತೆ ಮಾತಾಡಿದ್ದು ಗೊತ್ತಾದರೆ ಮಾರನೇ ದಿನವೇ ಬೇರೆ ಲೈನಿಗೆ ಹಾಕಬಲ್ಲವನು. ಅಂಥ ಕಡೆ ಒಪ್ಪಿಗೆ ಕೇಳುವಾಗ ಮೊದಲು ಹೇಳಬೇಕಾದ್ದು ಆಕೆಯ ಕೆಲಸಕ್ಕೆ ಏನು ಅಪಾಯ, ಅದನ್ನು ತಪ್ಪಿಸಲು ನೀವು ಏನು ಮಾಡುತ್ತೀರಿ ಎಂಬುದು.

ನಮ್ಮ ದೇಶದಲ್ಲಿ ಇದಕ್ಕೆ ನಿಯಮವೇ ಇಲ್ಲ ಎಂದುಕೊಳ್ಳಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿ, ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿಯೇ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ. ಅದು ಆರೋಗ್ಯ ಸಂಶೋಧನೆಗೆ ಎಂದು ಬರೆದದ್ದು ನಿಜ. ಆದರೆ ಕೂಲಿ, ಬಾಡಿಗೆ, ಜಮೀನಿನ ಬಗ್ಗೆ ಕೇಳುವವರು ಅದಕ್ಕಿಂತ ಸಡಿಲವಾಗಿ ನಡೆದುಕೊಳ್ಳಬಹುದು ಎಂಬುದಕ್ಕೆ ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಇಲ್ಲಿ ಭಯ ಬರಿಯ ಕಲ್ಪನೆಯಲ್ಲ. 2016ರ ಏಪ್ರಿಲ್ 18 ಮತ್ತು 19ರಂದು ನಮ್ಮ ಪಕ್ಕದ ಬೊಮ್ಮನಹಳ್ಳಿಯಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಮಾಲೀಕರ ಪಾಲಿನ ಪಿ.ಎಫ್. ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ಫೆಬ್ರವರಿಯಲ್ಲಿ ನಿಯಮ ಬದಲಾಯಿಸಿತ್ತು. ಮದುವೆಗೆ, ಆಸ್ಪತ್ರೆಗೆ, ಸಾಲ ತೀರಿಸುವುದಕ್ಕೆ ಇವರಿಗಿರುವುದು ಅದೊಂದೇ ಗಂಟು. ಐವತ್ತೆಂಟರವರೆಗೆ ಮಿಷನ್ ಮುಂದೆ ಕೂತು ಹೊಲಿಯುವ ಸೊಂಟ ಯಾರಿಗಿದೆ? ದೊಡ್ಡ ಯೂನಿಯನ್ ಕರೆ ಕೊಡದಿದ್ದರೂ ಅವರೇ ಬೀದಿಗೆ ಬಂದರು, ಲಾಠಿ ಏಟು ತಿಂದರು. 19ರಂದೇ ಕೇಂದ್ರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಆಮೇಲೆ ಬರೆಯುವವರು ಬಂದರು, ದೇಶದವರು, ಹೊರದೇಶದವರು. ಬರಬೇಕಾದ್ದೇ, ಅಷ್ಟು ದೊಡ್ಡ ಸಂಗತಿ ಅದು. ಆದರೆ ಇಂಥ ಹೋರಾಟದ ಬಗ್ಗೆ ಬರೆಯುವಾಗ "ಬೇಗೂರು ರಸ್ತೆಯ ಒಂದು ಕಾರ್ಖಾನೆಯ 34 ವರ್ಷದ, ತುಮಕೂರು ಕಡೆಯ, ಗಂಡ ಬಿಟ್ಟ, ಇಬ್ಬರು ಮಕ್ಕಳ ತಾಯಿ" ಎಂದು ಹಾಕಿದರೆ ಹೆಸರು ಬದಲಾಯಿಸಿ ಏನು ಪ್ರಯೋಜನ? ನಿಮ್ಮ ಓದುಗರಿಗೆ ಆಕೆ ಯಾರೆಂದು ತಿಳಿಯುವುದಿಲ್ಲ, ನಿಜ. ಆ ಕಾರ್ಖಾನೆಯ ಎಚ್.ಆರ್.ಗೆ ಒಂದು ನಿಮಿಷ ಸಾಕು. ಯಾರ ಕೈಯಿಂದ ಆಕೆಗೆ ಕೆಡುಕಾಗಬಹುದೋ ಅವರು ಓದುತ್ತಿದ್ದಾರೆ ಎಂದುಕೊಂಡು ಬರೆಯಿರಿ.

ಇನ್ನು ಯಾರ ಹೆಸರು ಮುಚ್ಚಬಾರದೋ ಅವರ ವಿಚಾರ. ನಿಮಗೆ ಬೀದಿ ತೋರಿಸಿ, ಬಾಗಿಲು ತಟ್ಟಿ, ಮಾತು ದಾಟಿಸಿ, ರಾತ್ರಿಯೆಲ್ಲ ಕೂತು ರೆಕಾರ್ಡಿಂಗ್ ಕೇಳಿ ಬರೆದುಕೊಡುವ ಹುಡುಗ ಹುಡುಗಿಯರಿದ್ದಾರಲ್ಲ, ಅವರು. ನನ್ನ ಹಳೆಯ ವಿದ್ಯಾರ್ಥಿಗಳಲ್ಲೇ ಹಲವರು ಆ ಕೆಲಸ ಮಾಡಿದ್ದಾರೆ. ದಿನಗೂಲಿ ಲೆಕ್ಕ, ಪೆಟ್ರೋಲ್ ಅವರದೇ, ನೀವು ಹೋದ ಮೇಲೆ ಒಂದು ಸರ್ಟಿಫಿಕೇಟ್. ಪುಸ್ತಕದಲ್ಲಿ ಕೃತಜ್ಞತೆಯ ಪುಟದಲ್ಲಿ ಒಂದು ಹೆಸರು, ಅದೂ ಕೆಲವೊಮ್ಮೆ ಮೊದಲ ಹೆಸರು ಮಾತ್ರ. ಯಾವ ಮನೆಯಲ್ಲಿ ಯಾವ ಪ್ರಶ್ನೆ ಕೇಳಬಾರದು, ಯಾವ ಉತ್ತರ ಮರ್ಯಾದೆಗಾಗಿ ಹೇಳಿದ್ದು, ಯಾವ ಮೌನಕ್ಕೆ ಜಾತಿ ಕಾರಣ, ಯಾವುದಕ್ಕೆ ಸಾಲ ಕಾರಣ ಎಂದು ನಿಮಗೆ ಬಿಡಿಸಿ ಹೇಳಿದವರು ಅವರು. ನೀವು ಬರೆಯುವ ವಿಶ್ಲೇಷಣೆಯಲ್ಲಿ ಅವರ ಬುದ್ಧಿಯೂ ಸೇರಿದೆ.

ಇದನ್ನು ಸರಿಯಾಗಿ ಮಾಡಿದವರು ಇದ್ದಾರೆ, ನಮ್ಮ ಪಕ್ಕದ ಮಂಡ್ಯದಲ್ಲೇ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಿಂದ ಬಂದರು. ನಾಲೆ ನೀರು ಬಂದ ಒಂದು ಹಳ್ಳಿ, ನೀರು ಬಾರದ ಇನ್ನೊಂದು ಹಳ್ಳಿ, ಎರಡರಲ್ಲೂ ಇದ್ದು ಕಬ್ಬು, ಕೂಲಿ, ಹಬ್ಬ, ಜಗಳ ಎಲ್ಲ ನೋಡಿದರು. ಪುಸ್ತಕದಲ್ಲಿ ಆ ಹಳ್ಳಿಗಳಿಗೆ ವಂಗಲ, ದಲೇನ ಎಂದು ಹೆಸರಿಟ್ಟರು. 1962ರಲ್ಲಿ ಮೊದಲ ಪುಸ್ತಕ ಬಂತು. ಅಲ್ಲಿಗೆ ಮುಗಿಸಿ ಕೈ ತೊಳೆದುಕೊಳ್ಳಲಿಲ್ಲ. 1970ರಲ್ಲಿ ಮತ್ತೆ ಬಂದರು, ಮೊದಲ ಸಲ ತಾವು ಮಾಡಿದ ಊಹೆಗಳು ನಿಂತವೋ ಬಿದ್ದವೋ ಎಂದು ಊರಲ್ಲೇ ಪರೀಕ್ಷಿಸಿ 1973ರಲ್ಲಿ ಇನ್ನೊಂದು ಪುಸ್ತಕ ಬರೆದರು. 1998ರಲ್ಲಿ 'ವಿಲೇಜ್ ವಾಯ್ಸಸ್' ಬಂದಾಗ ಅದರ ರಕ್ಷಾಪುಟದ ಮೇಲೆ ಮೂರು ಹೆಸರುಗಳಿದ್ದವು. ಒಂದು ಅವರದು. ಇನ್ನೊಂದು ಶುರುವಿನಿಂದ ಸಹಾಯಕರಾಗಿದ್ದ ಎ.ಪಿ. ಸೂರ್ಯನಾರಾಯಣ ಅವರದು. ಮೂರನೆಯದು ಅದೇ ದಲೇನದಿಂದ ಬಂದು ಐಎಎಸ್ ಅಧಿಕಾರಿಯಾದ ಟಿ. ತಿಮ್ಮೇಗೌಡರದು. ಸಹಾಯಕನೂ ಸಹಲೇಖಕ, ಅಧ್ಯಯನಕ್ಕೆ ಒಳಗಾದ ಊರಿನವನೂ ಸಹಲೇಖಕ. ನಲವತ್ತು ವರ್ಷ ಹಿಡಿಯಿತು, ಆದರೂ ಆಯಿತು. ಈಗಿನ ಫೆಲೋಶಿಪ್ ಒಂಬತ್ತು ತಿಂಗಳು, ಹೆಚ್ಚೆಂದರೆ ವರ್ಷ. ನಲವತ್ತು ವರ್ಷ ಯಾರೂ ಕೇಳುವುದಿಲ್ಲ. ಒಮ್ಮೆ ಮರಳಿ ಬಂದು, ನಾನು ನಿಮ್ಮ ಬಗ್ಗೆ ಹೀಗೆ ಬರೆದೆ, ಸರಿಯೇ ಎಂದು ಕೇಳಿ ಎನ್ನುತ್ತೇನೆ.

ಊರಿನ ಹೆಸರು ಮರೆಮಾಚುವ ವಿಷಯದಲ್ಲಿ ನನಗೆ ಇನ್ನೊಂದು ಬೇಸರವಿದೆ. ಅಮೆರಿಕದ ಮಾನವಶಾಸ್ತ್ರಜ್ಞ ಅಲನ್ ಬೀಲ್ಸ್ 1950ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಇದ್ದು, ಪೇಟೆಯ ಗಾಳಿ ಬೀಸಿದ ಮೇಲೆ ಹಳ್ಳಿ ಹೇಗೆ ಬದಲಾಯಿತು ಎಂದು ಬರೆದರು. ಬರಹದಲ್ಲಿ ಆ ಊರು 'ನಮ್ಹಳ್ಳಿ'. ಆ ಕಾಲಕ್ಕೆ ಮರೆಮಾಚಿದ್ದು ಸರಿಯೇ ಇದ್ದೀತು. ಇವತ್ತು ಬೆಂಗಳೂರು ಆ ಸುತ್ತಲಿನ ಹಳ್ಳಿಗಳನ್ನೆಲ್ಲ ನುಂಗಿಕೊಂಡಿದೆ. ಅಲ್ಲಿನ ಮೊಮ್ಮಕ್ಕಳಿಗೆ ತಮ್ಮ ಅಜ್ಜ ಅಜ್ಜಿಯರ ಬದುಕಿನ ಇಷ್ಟು ವಿವರವಾದ ಚಿತ್ರ ಎಲ್ಲೋ ಒಂದು ಪುಸ್ತಕದಲ್ಲಿದೆ ಎಂಬುದೇ ಗೊತ್ತಿರಲಿಕ್ಕಿಲ್ಲ. ಹೆಸರು ಮುಚ್ಚಿಡಬೇಕೋ ಬೇಡವೋ ಎಂದು ಊರಿನವರನ್ನೇ ಕೇಳಿ. ಮುಚ್ಚಿಟ್ಟರೂ ಊರಿನ ಶಾಲೆಗೆ ಒಂದು ಪ್ರತಿ ಕೊಟ್ಟು ಹೋಗಿ, ಇದು ನಿಮ್ಮದೇ ಎಂದು ಹೇಳಿ.

ಪ್ರತಿಯ ಮಾತು ಬಂದಾಗ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ನೆನಪಾಗುತ್ತಾರೆ. ಅವರು ನಮ್ಮವರೇ, ಮೈಸೂರಿನವರು. 1948ರಲ್ಲಿ ಮೈಸೂರಿನ ಹತ್ತಿರದ ಕೊಡಗಹಳ್ಳಿಯಲ್ಲಿದ್ದು ಅಧ್ಯಯನ ಮಾಡಿದರು, ಬರಹದಲ್ಲಿ ಅದು ರಾಂಪುರ. ಇಪ್ಪತ್ತೆರಡು ವರ್ಷಗಳ ನಂತರ ಅವರು ಸ್ಟ್ಯಾನ್‌ಫರ್ಡಿನ ಒಂದು ಉನ್ನತ ಅಧ್ಯಯನ ಕೇಂದ್ರದಲ್ಲಿ ಅತಿಥಿ ಫೆಲೋ ಆಗಿದ್ದರು, ನೀವು ಇಲ್ಲಿಗೆ ಬರುವ ಹಾಗೆಯೇ ಅಲ್ಲಿಗೆ ಹೋದವರು. 1970ರ ಏಪ್ರಿಲ್‌ನಲ್ಲಿ ಕಿಡಿಗೇಡಿಗಳು ಆ ಕಟ್ಟಡಕ್ಕೆ ಬೆಂಕಿ ಇಟ್ಟರು. ವರ್ಷಗಟ್ಟಲೆ ಕೂತು ಹದಗೊಳಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಒಂದೇ ಕಡೆ ಇದ್ದವು, ಮೂರೂ ಸುಟ್ಟುಹೋದವು. ಸ್ನೇಹಿತರು ಧೈರ್ಯ ತುಂಬಿದ ಮೇಲೆ ನೆನಪಿನಿಂದಲೇ ಬರೆಯಲು ಕೂತರು. ಹಾಗೆ ಹುಟ್ಟಿದ್ದು 1976ರ 'ದಿ ರಿಮೆಂಬರ್ಡ್ ವಿಲೇಜ್'. ಶ್ರೀನಿವಾಸರಿಗೆ ಅಂಥ ನೆನಪು ಇತ್ತು, ಆ ಹಳ್ಳಿ ಅವರ ಮೈಯೊಳಗೇ ಇತ್ತು. ನಿಮಗೆ ಹಾಗೆ ಆದರೆ? ಹಾರ್ಡ್ ಡಿಸ್ಕ್ ಕೆಡುತ್ತದೆ, ಸರ್ವರ್ ಬದಲಾಗುತ್ತದೆ, ನೀವು ಕೆಲಸ ಬಿಟ್ಟು ಬೇರೆ ದಾರಿ ಹಿಡಿಯುತ್ತೀರಿ. ಬೇಗೂರಿನ ಹಿರಿಯರ ದನಿ, ತುಂಬಿದ ಕೆರೆಯ ಹಳೆಯ ಫೋಟೊ, ಕೈಬರಹದ ನಕ್ಷೆ ಎಲ್ಲವೂ ಸಾವಿರಾರು ಮೈಲಿ ದೂರದಲ್ಲಿ ಯಾರಿಗೂ ಇಲ್ಲದಂತೆ ಹೋಗುತ್ತವೆ. ಹೇಳಿದವರ ಅನುಮತಿ ಪಡೆದು ಒಂದು ಪ್ರತಿಯನ್ನು ಇಲ್ಲೇ ಒಂದು ಗ್ರಂಥಾಲಯದಲ್ಲೋ ಸಂಗ್ರಹಾಲಯದಲ್ಲೋ ಇಡಿ. ಇಲ್ಲಿನ ಮಿಥಿಕ್ ಸೊಸೈಟಿ ಎಂಬ ಸಂಸ್ಥೆಯ ತಂಡ ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರಿಡಿ ಸ್ಕ್ಯಾನ್ ಮಾಡಿ, ಅಕ್ಷರಗಳನ್ನು ಯಾರು ಬೇಕಾದರೂ ನೋಡುವ ಹಾಗೆ ಮಾಡುತ್ತಿದೆ. ಕಲ್ಲಿನ ವಿಷಯದಲ್ಲಿ ಆಗಿರುವುದು ಮನುಷ್ಯರ ಮಾತಿನ ವಿಷಯದಲ್ಲೂ ಆಗಲಿ.

ಕೆರೆಯ ಬಗ್ಗೆ ಕೆಲಸ ಮಾಡುವವರಿಗೆ ಒಂದೆರಡು ಮಾತು. ಬೇಗೂರು ಕೆರೆ ನೂರಮೂವತ್ತಕ್ಕೂ ಹೆಚ್ಚು ಎಕರೆಯದ್ದು. ಅದರ ನಡುವೆ ದಿಬ್ಬ ಮಾಡಿ ಶಿವನ ಪ್ರತಿಮೆ ನಿಲ್ಲಿಸಿದ ವಿಚಾರ ಹೈಕೋರ್ಟಿಗೆ ಹೋಯಿತು, ಊರು ಎರಡಾಯಿತು. ಅಂಥ ಹೊತ್ತಿನಲ್ಲಿ ಒಂದೇ ಗುಂಪಿನವರ ಮನೆಯಲ್ಲಿ ಕಾಫಿ ಕುಡಿದು ಹೋಗಿ "ಸಮುದಾಯದ ಅಭಿಪ್ರಾಯ" ಎಂದು ಬರೆಯಬೇಡಿ. ಹುಲ್ಲು ಕೊಯ್ಯುವವರು, ಮೀನು ಹಿಡಿಯುವವರು, ದನ ತೊಳೆಯುತ್ತಿದ್ದವರು ಬೆಳಗಿನ ವಾಕಿಂಗ್ ಗುಂಪಿನಲ್ಲಿ ಸಿಗುವುದಿಲ್ಲ. ಮತ್ತೆ, ನೀರಿನ ಸಸ್ಯವನ್ನೋ ಮೀನನ್ನೋ ಸಂಶೋಧನೆಗೆಂದು ಸಂಗ್ರಹಿಸುವ ವಿದೇಶಿಯರು 2002ರ ಜೀವವೈವಿಧ್ಯ ಕಾಯ್ದೆಯ ಮೂರನೇ ಸೆಕ್ಷನ್ ಪ್ರಕಾರ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿಯನ್ನು ಮೊದಲೇ ಪಡೆಯಬೇಕು. ಸರ್ಕಾರದ ಮಾರ್ಗಸೂಚಿಗೆ ಒಳಪಟ್ಟ ಜಂಟಿ ಯೋಜನೆಗಳಿಗೆ ವಿನಾಯಿತಿ ಇದೆ. ನಿಮ್ಮದು ಆ ಪೈಕಿಯೋ ಅಲ್ಲವೋ ಎಂದು ಬರುವ ಮೊದಲೇ ತಿಳಿದುಕೊಳ್ಳಿ. ಇಲ್ಲಿನ ಸಹಾಯಕ ಹುಡುಗನ ಕೈಯಲ್ಲಿ ಡಬ್ಬಿ ಕೊಟ್ಟು ಕೆರೆಗೆ ಇಳಿಸಿ ಅವನನ್ನು ಸಿಕ್ಕಿಸಬೇಡಿ.

ಇಷ್ಟೆಲ್ಲ ನಿಮಗೆ ಹೇಳುವಾಗ ನಮ್ಮ ಪಾಲಿನ ಹೊಣೆಯನ್ನೂ ಹೇಳದಿದ್ದರೆ ಅನ್ಯಾಯ. ಬೆಂಗಳೂರು ಅತಿಥಿ ವಿದ್ವಾಂಸರನ್ನು ಯಾವಾಗಲೂ ಚೆನ್ನಾಗಿ ನಡೆಸಿಕೊಂಡಿಲ್ಲ. ಹಿಟ್ಲರನ ಆಡಳಿತದಲ್ಲಿ ಕೆಲಸ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935ರಲ್ಲಿ ಸಿ.ವಿ. ರಾಮನ್ ಅವರ ಕರೆಯ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸುಮಾರು ಆರು ತಿಂಗಳು ಇದ್ದರು. ಅವರನ್ನು ಕಾಯಂ ಮಾಡಬೇಕೆಂದು ರಾಮನ್ ಪ್ರಯತ್ನಿಸಿದಾಗ ಅಲ್ಲಿನ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕ, ತನ್ನ ದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ಬೇಡ ಎಂಬರ್ಥದ ಮಾತಾಡಿದ. ಬಾರ್ನ್ ಆ ನೋವನ್ನು ತಮ್ಮ ಆತ್ಮಕಥನದಲ್ಲಿ ಬರೆದುಕೊಂಡಿದ್ದಾರೆ. ಹುದ್ದೆ ಸಿಗಲಿಲ್ಲ, ಎಡಿನ್‌ಬರೋಗೆ ಹೋದರು, 1954ರಲ್ಲಿ ನೊಬೆಲ್ ಬಂತು. ಇತ್ತೀಚಿನದಾದರೆ, 2024ರ ಫೆಬ್ರವರಿಯಲ್ಲಿ ಲಂಡನ್ನಿನ ಪ್ರಾಧ್ಯಾಪಕಿ ನಿತಾಶಾ ಕೌಲ್ ಕರ್ನಾಟಕ ಸರ್ಕಾರವೇ ಕರೆದ ಸಂವಿಧಾನ ಸಮಾವೇಶಕ್ಕೆ ಬಂದಾಗ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಆಚೆ ಬಿಡದೆ ವಾಪಸ್ ಕಳಿಸಿದರು. 2022ರ ಮಾರ್ಚ್‌ನಲ್ಲಿ, ಕೇರಳದಲ್ಲಿ ದಶಕಗಳಿಂದ ಅಧ್ಯಯನ ಮಾಡುತ್ತ ಬಂದಿದ್ದ ಮಾನವಶಾಸ್ತ್ರಜ್ಞ ಫಿಲಿಪೋ ಒಸೆಲ್ಲಾ ಅವರನ್ನು ತಿರುವನಂತಪುರದಿಂದ ಹಾಗೆಯೇ ಹಿಂದೆ ಕಳಿಸಲಾಗಿತ್ತು. ಮರಳಿ ಬನ್ನಿ, ಬರೆದದ್ದನ್ನು ನಮ್ಮೆದುರು ಓದಿ ಎಂದು ನಾನು ಕೇಳುತ್ತಿದ್ದೇನೆ. ಮರಳಿ ಬಂದವರನ್ನೇ ಬಾಗಿಲಲ್ಲಿ ತಡೆದರೆ ನನ್ನ ಮಾತಿಗೆ ಬೆಲೆ ಎಲ್ಲಿ? ವೀಸಾ ಕೈತಪ್ಪೀತೆಂಬ ಅಳುಕಿನಲ್ಲಿ ಬರೆಯುವ ಫೆಲೋ ಬೇಗೂರಿನ ಒತ್ತುವರಿ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಬರೆಯಲಾರ. ಅದರ ನಷ್ಟ ನಮಗೇ.

ನಿಮ್ಮನ್ನು ಕರೆಸಿಕೊಳ್ಳುವ ಇಲ್ಲಿನ ಸಂಸ್ಥೆಗಳೂ ಇದರಲ್ಲಿ ಪಾಲುದಾರರು. ಸೆಮಿನಾರ್ ಹಾಲ್ ಗೇಟಿನೊಳಗೆ, ಪಾಸ್ ಇಲ್ಲದೆ ಒಳಗೆ ಬಿಡುವುದಿಲ್ಲ, ಮಾತೆಲ್ಲ ಇಂಗ್ಲಿಷ್. ಬೇಗೂರಿನ ಬಗ್ಗೆ ನಡೆಯುವ ಮಾತಿಗೆ ಬೇಗೂರಿನವರೇ ಇರುವುದಿಲ್ಲ. ಆ ಸಂಸ್ಥೆಗಳು ಮನಸ್ಸು ಮಾಡಿದರೆ ಕನ್ನಡ ಕಲಿಸುವ ವ್ಯವಸ್ಥೆ, ಸಹಾಯಕರಿಗೆ ನ್ಯಾಯವಾದ ಸಂಬಳ ಮತ್ತು ವಿಮೆ, ಕೊನೆಯಲ್ಲಿ ಊರಿನಲ್ಲೇ ಒಂದು ಸಭೆ, ಈ ಮೂರನ್ನು ಕರಾರಿಗೆ ಸೇರಿಸಬಹುದು. ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಬೇರೆ ಕಡೆ ಊರಿನವರೇ ನಿಯಮ ಬರೆದುಕೊಂಡಿದ್ದಾರೆ. ದಕ್ಷಿಣ ಆಫ್ರಿಕಾದ ಸಾನ್ ಜನ, ಬಹುಕಾಲ ಸಂಶೋಧಕರ ಕೈಗೆ ಸಿಕ್ಕು ಸಾಕಾದವರು, 2017ರಲ್ಲಿ ತಮ್ಮದೇ ಸಂಶೋಧನಾ ಸಂಹಿತೆ ಹೊರತಂದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ, ಜೊತೆಗೆ ಯಾರ ಮೂಲಕ ಹೇಗೆ ಬರಬೇಕೆಂಬ ಕ್ರಮ. ಸರಳ ಮಾತಿನಲ್ಲಿದೆ. ಮಾತು ಕೊಟ್ಟು ತಪ್ಪಿದವರ ಸಂಸ್ಥೆಯೊಡನೆ ಮತ್ತೆ ಕೆಲಸ ಮಾಡದಿರುವ ಹಕ್ಕನ್ನೂ ಅವರು ಇಟ್ಟುಕೊಂಡಿದ್ದಾರೆ. ಬೇಗೂರಿನಲ್ಲೂ ಅಂಥದ್ದೊಂದು ಆಗಲಿ ಎಂಬುದು ನನ್ನ ಆಸೆ. ಕೆರೆಯವರು, ದೇವಸ್ಥಾನದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಶಾಲೆಯವರು ಕೂತು ಬರೆದರೆ ಒಂದು ಹಾಳೆ ಸಾಕು. ಈ ಬಗ್ಗೆ ಕೆಲವರ ಜೊತೆ ಮಾತು ಶುರುಮಾಡಿದ್ದೇನೆ. ಅವರು ಮೊದಲು ಕೇಳಿದ್ದು, "ನಮ್ ಬಗ್ಗೆ ಬರ್ದಿದ್ದು ನಮ್ಗೆ ಓದಕ್ಕೆ ಸಿಗುತ್ತಾ ಟೀಚರಮ್ಮ?" ಎಂದು.

ಹಾಗಾಗಿ ಬರುವವರು ಹೀಗೆ ಬನ್ನಿ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾಗಿರುವುದರಿಂದ ಹೊಂಗಸಂದ್ರದಲ್ಲಿ ಇಳಿದು ಆಟೊ ಹಿಡಿದರೆ ಸಾಕು. ಬರುವ ಮೊದಲು ಆರು ತಿಂಗಳು ಕನ್ನಡ ಕಲಿಯಿರಿ, ತಪ್ಪು ತಪ್ಪಾಗಿ ಮಾತಾಡಿದರೂ ಇಲ್ಲಿ ಯಾರೂ ನಗುವುದಿಲ್ಲ, ಇನ್ನೊಂದು ಲೋಟ ಕಾಫಿ ಕೊಡುತ್ತಾರೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಒಂದು ಪುಟ ಮೀರದಿರಲಿ. ತೆಲುಗು, ತಮಿಳು, ಹಿಂದಿ, ಒಡಿಯಾ ಮಾತಾಡುವವರೂ ಇಲ್ಲಿ ಬಾಡಿಗೆಗಿದ್ದಾರೆ, ಅವರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಭಾನುವಾರ ಬೆಳಗ್ಗೆ ಕೇಳಬೇಡಿ, ಸಂಜೆ ಐದರ ಮೇಲೆ ಬನ್ನಿ, ಆ ಹೊತ್ತಿಗೆ ಬಟ್ಟೆ ಒಣಗಿರುತ್ತದೆ, ಮಕ್ಕಳು ಆಡಲು ಹೋಗಿರುತ್ತಾರೆ. ಸಹಾಯಕರ ಸಂಬಳ ಮೊದಲೇ ಗೊತ್ತುಮಾಡಿ, ಬರಹದಲ್ಲಿ ಕೊಡಿ. ಹೋಗುವ ಮುನ್ನ ಕಂಡದ್ದನ್ನು ಕನ್ನಡದಲ್ಲಿ ಎರಡು ಪುಟ ಬರೆದು ಊರಿನವರ ಮುಂದೆ ಓದಿ, ಅವರು ಬೇಡವೆಂದದ್ದನ್ನು ತೆಗೆಯಿರಿ, ತಪ್ಪೆಂದದ್ದನ್ನು ತಿದ್ದಿ. ಜಾಗದ ಚಿಂತೆ ಬೇಡ, ಸಭೆಗೆ ಬೇಕಾದ ಕುರ್ಚಿ, ಜಮಖಾನ ನಾನು ಹೊಂದಿಸುತ್ತೇನೆ. ಕನ್ನಡ ತಿದ್ದಿಕೊಡುವವರು ಬೇಕಾದರೆ ಅದಕ್ಕೂ ಸಿದ್ಧ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ
ಬೇಗೂರು, ಬೆಂಗಳೂರು